ಬೀಗರ ಡೆಪೋ

ಧೂಳಪ್ಪನಿಗೆ ವಿಜಯಶ್ರೀಯನ್ನು ಕಂಡರೆ ಆಗುತ್ತಿರಲಿಲ್ಲ. ವಿಜಯಶ್ರೀಗೂ ಧೂಳಪ್ಪನನ್ನು ಕಂಡರೆ ಮೈಯೆಲ್ಲ ಉರಿ. ಆದರೂ ಇಬ್ಬರೂ ದಿನಾ ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ಒಬ್ಬರಿಗೊಬ್ಬರು ನಮಸ್ಕಾರ ಹೇಳಿಕೊಳ್ಳುತ್ತಿದ್ದರು. ಆ ನಮಸ್ಕಾರದಲ್ಲಿ ಇದ್ದಷ್ಟು ವಿಷ ಬೈಗುಳದಲ್ಲೂ ಇರುವುದಿಲ್ಲ.

ಗಡಿಯಾಚೆಯ ಜತ್ತದಿಂದ ವಿಜಯಪುರದ ಕಡೆ ಹೋಗುವ ರಸ್ತೆಗೆ ಅಪ್ಪಾಸಾಬನ ಪಶು ಆಹಾರದ ಕಾರ್ಖಾನೆ ಇತ್ತು. ಅದರ ಗಿರಾಕಿ ಎಮ್ಮೆಯೂ ಅಲ್ಲ, ಕುರಿಯೂ ಅಲ್ಲ, ಅವನ್ನು ಸಾಕಿದವನೂ ಅಲ್ಲ. ಸಾಕಿದವನಿಗೆ ಮಾರುವ ಡೆಪೋದವರು, ಹಾಲಿನ ಡೇರಿಯವರು, ಅಂಗಡಿಕಾರರು. ವ್ಯಾಪಾರಿಗೆ ವ್ಯಾಪಾರ ಮಾಡುವುದೆಂದರೆ ಕಳ್ಳನ ಕಿಸೆಗೆ ಕೈ ಹಾಕಿದ ಹಾಗೆ ಎಂದು ಅಪ್ಪಾಸಾಬ ನಗುತ್ತ ಹೇಳುತ್ತಿದ್ದ. ಆ ಕೆಲಸಕ್ಕೆ ಅವನಲ್ಲಿ ಮೂವರು ಸೇಲ್ಸಿನವರು. ಅವರ ಮೇಲೆ ಒಬ್ಬ ಮ್ಯಾನೇಜರು.

ಹಳೆಯ ಮ್ಯಾನೇಜರು ಬಿಟ್ಟು ಹೋದಾಗ ಆ ಖುರ್ಚಿ ತನ್ನದೇ ಎಂದು ಮೂವರಲ್ಲೊಬ್ಬನಾದ ಧೂಳಪ್ಪ ನಂಬಿದ್ದ. ನಂಬಿದ್ದಷ್ಟೇ ಅಲ್ಲ, ಊರಿಗೆಲ್ಲ ಚಹಾ ಕುಡಿಸಿಬಿಟ್ಟಿದ್ದ. ಅಷ್ಟರಲ್ಲಿ ಅಪ್ಪಾಸಾಬ ಸಾಂಗಲಿಯಲ್ಲಿ ದನದ ಔಷಧಿ ಮಾರುತ್ತಿದ್ದ ವಿಜಯಶ್ರೀಯನ್ನು ಕರೆತಂದು ಕೂಡಿಸಿದ. ಕೂಡಿಸುವಾಗ ಒಂದು ಮಾತು ಸ್ಪಷ್ಟ ಹೇಳಿದ. "ನೋಡವ್ವ, ಏರಿದ ಹೊಸ ರೇಟು ಬಂದೈತಿ. ಶ್ರಾವಣ ಮುಗಿಯೂದ್ರೊಳಗ ಎಲ್ಲಾ ಡೆಪೋದವ್ರನ್ನ ಒಪ್ಪಿಸು. ಒಪ್ಪಿಸಿದ್ರ ಖುರ್ಚಿ ಕಾಯಂ ನಿಂದು. ಇಲ್ಲಂದ್ರ ಧೂಳಪ್ಪ ಅದಾನಲ್ಲ."

ಈ ಕೊನೆಯ ಮಾತು ಧೂಳಪ್ಪನ ಕಿವಿಗೂ ಬಿದ್ದಿತ್ತು. ಮತ್ತೆ ಕೇಳಬೇಕೇ? ಅವಳು ಬಾಲಗಾಂವಕ್ಕೆ ಹೊರಟರೆ ಅವಳಿಗಿಂತ ಮೊದಲು ಅವನ ಫೋನು ಹೊರಡುತ್ತಿತ್ತು. "ಮ್ಯಾನೇಜರ್ ಬಾಯಿ ಬರ್ತಾಳ, ಚಾ ಕುಡಿಸಿ ಕಳಸ್ರಿ. ಆರ್ಡರ್ ನಾ ಬಂದು ತಗೋತೀನಿ." ಅಂಗಡಿಕಾರರು ಬಹಳ ಮರ್ಯಾದೆಯಿಂದ ಚಹಾ ಕುಡಿಸಿ, ಮಳೆಯ ಮಾತಾಡಿ, ನೋಡೋಣ್ರಿ ಅಂದು ಕಳಿಸುತ್ತಿದ್ದರು. ಮರುದಿನ ಅದೇ ಅಂಗಡಿಯ ಆರ್ಡರನ್ನು ಧೂಳಪ್ಪ ಹಳೆಯ ರೇಟಿಗೆ ತಂದು ಅವಳ ಮೇಜಿನ ಮೇಲೆ ಇಡುತ್ತಿದ್ದ. ಮೀಟಿಂಗಿನಲ್ಲಿ ಅವಳನ್ನು 'ತಂಗಿ' ಎಂದು ಕರೆಯುತ್ತಿದ್ದ. ಆ ತಂಗಿ ಎನ್ನುವುದರಲ್ಲಿ ಅಕ್ಕರೆ ಒಂದು ಚಿಟಿಕೆಯೂ ಇರಲಿಲ್ಲ.

ವಿಜಯಶ್ರೀಯೂ ದೇವರಂಥವಳೇನಲ್ಲ. ಧೂಳಪ್ಪ ಎಲ್ಲಿದ್ದಾನೆಂದು ಇಡೀ ದಿನ ಮೊಬೈಲಿನಲ್ಲಿ ತೋರಿಸುವಂತೆ ಮಾಡಿದಳು. ಅವನು ಬರೆದ ರಿಪೋರ್ಟನ್ನು ಎಲ್ಲರೆದುರು ಓದಿ, ತಪ್ಪು ಹುಡುಕಿ, ಸಾಲಿಯ ಹುಡುಗನಿಗೆ ಮಾಡಿದಂತೆ ವಾಪಸು ಕೊಟ್ಟಳು. ಮಹಾಂತ ಮತ್ತು ರವಿಕುಮಾರ, ಉಳಿದ ಇಬ್ಬರು ಸೇಲ್ಸಿನವರು, ಗೋಡೆಯ ಕ್ಯಾಲೆಂಡರು ನೋಡುತ್ತ ಕುಳಿತುಬಿಡುತ್ತಿದ್ದರು. ಗೆಲ್ಲುವವರು ಯಾರೆಂದು ಗೊತ್ತಾಗುವವರೆಗೆ ಯಾರ ಕಡೆಗೂ ನಗಬಾರದೆಂಬ ಬುದ್ಧಿ ಅವರಿಗಿತ್ತು.

ಹೀಗಿರುವಾಗ ಅಪ್ಪಾಸಾಬ ಅವಳನ್ನು ಸಾಂಗಲಿಯ ಹೋಟೆಲೊಂದರಲ್ಲಿ ನಡೆದ ಟ್ರೇನಿಂಗಿಗೆ ಕಳಿಸಿದ. ಸೇಲ್ಸ್ ಟೀಮನ್ನು ಹೇಗೆ ನಡೆಸಬೇಕೆಂದು ಹೇಳಿಕೊಡಲು ಪುಣೆಯಿಂದ ಒಬ್ಬ ಸಾಹೇಬ ಬಂದಿದ್ದ. ಟೈ ಕಟ್ಟಿಕೊಂಡು, ಮರಾಠಿಯಲ್ಲಿ, ವೇದಿಕೆಯ ಆ ತುದಿಯಿಂದ ಈ ತುದಿಗೆ ಓಡಾಡುತ್ತ ಅವನು ಬಹಳಷ್ಟು ಹೇಳಿದ. ಅದರಲ್ಲಿ ಅವಳ ತಲೆಗೆ ಹತ್ತಿದ್ದು ಎರಡೇ. ಹಠಮಾರಿ ಗಿರಾಕಿಯ ಹತ್ತಿರ ಅವನು ಇಲ್ಲ ಅನ್ನಲಾರದ ಮನುಷ್ಯನನ್ನು ಕಳಿಸಿ. ನಿಮ್ಮ ಟೀಮಿನಲ್ಲಿ ಹಠಮಾರಿ ಇದ್ದರೆ ಅವನಿಗೇ ದೊಡ್ಡ ಗಿರಾಕಿಯನ್ನು ವಹಿಸಿ. ಎರಡೂ ಒಳ್ಳೆಯ ಮಾತುಗಳೇ. ಒಳ್ಳೆಯ ಮಾತನ್ನು ಕೆಟ್ಟ ಹೊಟ್ಟೆಯಲ್ಲಿ ಇಟ್ಟರೆ ಏನಾಗುತ್ತದೆಂದು ಮಾತ್ರ ಸಾಹೇಬ ಹೇಳಲಿಲ್ಲ. ಬಸ್ಸಿನಲ್ಲಿ ಜತ್ತ ಮುಟ್ಟುವಷ್ಟರಲ್ಲಿ ವಿಜಯಶ್ರೀ ಎರಡನ್ನೂ ಕೂಡಿಸಿ ಒಂದು ಮಾಡಿದ್ದಳು.

ಕಂಪನಿಯ ಎಲ್ಲಕ್ಕಿಂತ ದೊಡ್ಡ ಗಿರಾಕಿ ಮಾಡಗ್ಯಾಳದ ಬೀರದೇವ. ಅಲ್ಲಿಯ ಕುರಿಗೆ ನಾಡಿನಲ್ಲೆಲ್ಲ ಹೆಸರು. ಟಗರು ಸಾಕುವವರು ತಾವು ಉಣ್ಣದಿದ್ದರೂ ಟಗರಿಗೆ ತಿನ್ನಿಸುವ ಮಂದಿ. ಅವರಿಗೂ ಸುತ್ತಲಿನ ಹಳ್ಳಿಯ ಅಂಗಡಿಗಳಿಗೂ ಬೀರದೇವನ ಡೆಪೋದಿಂದಲೇ ದಾಣಿ, ಅಂದರೆ ಕಂಪನಿಯ ಪಶು ಆಹಾರ, ಹೋಗುತ್ತಿತ್ತು. ಹೊಸ ರೇಟು ಅಂದಕೂಡಲೇ ಅವನು ಮಹಾಂತನನ್ನು ಹೊಸ್ತಿಲಿಂದಲೇ ತಿರುಗಿಸಿ ಕಳಿಸಿದ್ದ. ಅವನು ಒಪ್ಪಿದರೆ ಉಳಿದವರು ತಾವಾಗಿ ಒಪ್ಪುತ್ತಾರೆ, ಅವನು ಒಪ್ಪದಿದ್ದರೆ ಒಬ್ಬನೂ ಒಪ್ಪುವುದಿಲ್ಲ.

ಈ ಬೀರದೇವ ಧೂಳಪ್ಪನ ಬೀಗ. ಧೂಳಪ್ಪನ ಒಬ್ಬಳೇ ಮಗಳು ರೂಪಾಲಿಯನ್ನು ಬೀರದೇವನ ಮಗನಿಗೆ ಕೊಟ್ಟಿತ್ತು. ನಿಶ್ಚಯವಾದ ದಿನವೇ ಧೂಳಪ್ಪ ಮಾಡಗ್ಯಾಳದ ಗಿರಾಕಿಯನ್ನು ತಾನಾಗಿ ಮಹಾಂತನಿಗೆ ಬಿಟ್ಟುಕೊಟ್ಟಿದ್ದ. ಅಷ್ಟು ದೊಡ್ಡ ಕಮಿಷನ್ನು ಕೈಬಿಟ್ಟಿದ್ದಕ್ಕೆ ಯಾರೂ ಅವನನ್ನು ಹುಚ್ಚ ಅನ್ನಲಿಲ್ಲ. ಹೆಣ್ಣು ಕೊಟ್ಟವನು ಆ ಮನೆಯಲ್ಲಿ ಏನನ್ನೂ ಕೇಳಬಾರದು. ಅವನು ಬಾಯಿಬಿಟ್ಟು ಕೇಳಿಬಿಟ್ಟರೆ ಹೆಣ್ಣು ತಂದವನು ಇಲ್ಲ ಅನ್ನಬಾರದು. ಹಾಗೆ ಕೇಳಿ ಪಡೆದದ್ದರ ಲೆಕ್ಕ ಆಮೇಲೆ ಆ ಹೆಣ್ಣಿನ ತಲೆಯ ಮೇಲೆ ಬರುತ್ತದೆ. ಇದು ಆ ಕಡೆ ಮಕ್ಕಳಿಗೂ ಗೊತ್ತಿರುವ ಮಾತು. ಧೂಳಪ್ಪ ವರ್ಷಕ್ಕೊಮ್ಮೆ ನಾಗರ ಪಂಚಮಿಗೆ ಮಗಳನ್ನು ಕರೆತರಲು ಉಂಡಿಯ ಗಂಟು ಹಿಡಿದು ಆ ಮನೆಗೆ ಹೋಗುತ್ತಿದ್ದ. ಬೀಗರಿಬ್ಬರೂ ಕುರಿಯ ಮಾತು ಆಡುತ್ತಿದ್ದರು, ಕುರಿ ತಿನ್ನುವ ದಾಣಿಯ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ.

ವಿಜಯಶ್ರೀಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. ಅವಳನ್ನು ಕುಣಿಕೋಣೂರಿಗೆ ಕೊಟ್ಟಿತ್ತು. ಅವಳ ಅಪ್ಪ ಅವಳ ಗಂಡನ ಮನೆಗೆ ಬಂದರೆ ಹಾಸಿದ ಜಮಖಾನೆಯ ಅಂಚಿಗೆ ಕೂರುತ್ತಿದ್ದ, ಎರಡನೆಯ ಸಲ ಸಾರು ಬೇಕೆಂದು ಕೇಳುತ್ತಿರಲಿಲ್ಲ. ಗೊತ್ತಿದ್ದೇ ಮಾಡಿದಳು. ಧೂಳಪ್ಪ ಹೋಗಿ ಕೇಳಿದರೆ ಬೀರದೇವ ಒಪ್ಪಲೇಬೇಕು, ಖುರ್ಚಿ ತನ್ನದು. ಧೂಳಪ್ಪ ಹೋಗುವುದಿಲ್ಲ ಅಂದರೆ ಮೇಲಿನವರ ಮಾತು ಮೀರಿದ ಎಂದು ಅಪ್ಪಾಸಾಬನಿಗೆ ಬರೆದುಕೊಟ್ಟು ಅವನನ್ನು ಮನೆಗೆ ಕಳಿಸಬಹುದು, ಆಗಲೂ ಖುರ್ಚಿ ತನ್ನದು. ಇಂಥ ಉಪಾಯ ಹೊಳೆದ ರಾತ್ರಿ ಅವಳಿಗೆ ಬಹಳ ಚಲೋ ನಿದ್ದೆ ಬಂತು.

ಸೋಮವಾರದ ಮೀಟಿಂಗಿನಲ್ಲಿ ಅವಳು ಹಾಳೆ ನೋಡಿಕೊಂಡೇ ಹೇಳಿದಳು. "ಇವತ್ತಿನಿಂದ ಮಾಡಗ್ಯಾಳ ಧೂಳಪ್ಪನವ್ರು ನೋಡ್ತಾರ. ಮಹಾಂತ, ನೀವು ಬಾಲಗಾಂವ ಕಡೆ ಹೋಗ್ರಿ."

ಮಹಾಂತ ಕ್ಯಾಲೆಂಡರಿನಿಂದ ಕಣ್ಣು ಕಿತ್ತು ಅವಳನ್ನು ನೋಡಿದ. ರವಿಕುಮಾರ ಕೈಯಲ್ಲಿದ್ದ ಚಹಾ ಕೆಳಗಿಟ್ಟ.

"ಆ ಊರು ನನಗ ಬ್ಯಾಡ," ಎಂದ ಧೂಳಪ್ಪ.

"ಯಾಕ್ರಿ?"

"ಯಾಕಂತ ನಿನಗ ಗೊತ್ತೈತಿ ತಂಗಿ."

"ನನಗೇನ್ ಗೊತ್ತಿಲ್ಲ. ಕಾರಣ ಇದ್ರ ಹೇಳ್ರಿ, ರಿಪೋರ್ಟಿನ್ಯಾಗ ಬರಕೋತೀನಿ."

ಧೂಳಪ್ಪ ಟೋಪಿ ತಲೆಗೇರಿಸಿಕೊಂಡ. ನನ್ನ ಮಗಳ ಮನೆ ಅದು, ಬಿಟ್ಟುಬಿಡು ಎಂದು ಒಂದು ಮಾತು ಬೇಡಿಕೊಂಡಿದ್ದರೆ ಅವಳು ಬಿಟ್ಟುಬಿಡುತ್ತಿದ್ದಳೋ ಏನೋ. ಅವಳಿಗೆ ಬೇಕಾಗಿದ್ದದ್ದೂ ಆ ಬೇಡಿಕೊಳ್ಳುವುದೇ. ಆದರೆ ಧೂಳಪ್ಪ ಹೆಣ್ಣಿನ ಮುಂದೆ, ಅದರಲ್ಲೂ ತನ್ನ ಖುರ್ಚಿ ಕಸಿದವಳ ಮುಂದೆ ಬೇಡುವ ಪೈಕಿ ಅಲ್ಲ. ಒಲ್ಲೆ ಅಂದರೆ ನೌಕರಿ ಹೋಗುತ್ತದೆಂದೂ ಅವನಿಗೆ ಗೊತ್ತಿತ್ತು, ಹೊರಡಲು ಎದ್ದ. ಸೊಕ್ಕಿಗೆ ಸೊಕ್ಕು ಎದುರಾದಾಗ ನಡುವೆ ಇದ್ದವರ ಗತಿ ಏನೆಂದು ಅಲ್ಲಿ ಇಬ್ಬರೂ ಯೋಚಿಸಲಿಲ್ಲ.

"ನಾನೂ ಜೋಡೀಲೆ ಬರ್ತೀನಿ," ಎಂದಳು ವಿಜಯಶ್ರೀ. ದೊಡ್ಡ ಗಿರಾಕಿಯ ಹತ್ತಿರ ಮ್ಯಾನೇಜರು ತಾನೇ ಜೊತೆಗೆ ಹೋಗಬೇಕೆಂದು ಪುಣೆಯ ಸಾಹೇಬ ಹೇಳಿದ್ದ.

ಡೆಪೋ ಬೀರದೇವನ ಮನೆಗೆ ಹತ್ತಿಯೇ ಇತ್ತು. ಮುಂದೆ ಚೀಲಗಳ ಸಾಲು, ಹಿಂದೆ ಬಾಗಿಲಾಚೆ ಅಡುಗೆಮನೆ. ಕುರಿಗಾರರು ನಾಲ್ಕಾರು ಮಂದಿ ಕಟ್ಟೆಯ ಮೇಲೆ ಕೂತಿದ್ದರು. ಬೀಗ ಬಂದದ್ದನ್ನು ಕಂಡು ಬೀರದೇವ ಎದ್ದು ನಿಂತ. ಮುಖ ಅರಳಿತು. ಹಿಂದೆ ಕಂಪನಿಯ ಹೆಣ್ಣುಮಗಳು ಕೈಯಲ್ಲಿ ಫೈಲು ಹಿಡಿದು ಇಳಿದದ್ದನ್ನು ಕಂಡಾಗ ಆ ಅರಳಿದ ಮುಖ ಅಲ್ಲೇ ನಿಂತಿತು.

"ಬರ್ರಿ ಬೀಗ್ರ, ಕುಂದ್ರಿ. ಇದೇನ್ ಹಬ್ಬ ಇಲ್ಲ ಹುಣ್ಣಿವಿ ಇಲ್ಲ?"

ಧೂಳಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಫೀಸಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುವ ಮನುಷ್ಯ ಇಲ್ಲಿ ಕುಂದ್ರಿ ಅಂದರೂ ಕೂರಲಿಲ್ಲ. ಒಳಗಿಂದ ರೂಪಾಲಿ ನೀರಿನ ಚರಿಗೆ ತಂದಳು. ಅಪ್ಪನನ್ನು ಕಂಡು ನಕ್ಕಳು. ಅಪ್ಪನ ಕೈಯಲ್ಲಿದ್ದ ಟೋಪಿ ಕಂಡು ನಗು ಬಿಟ್ಟಳು.

"ಬೀಗ್ರ," ಎಂದ ಧೂಳಪ್ಪ. "ಕಂಪನಿ ಹೊಸ ರೇಟು ಮಾಡೈತ್ರಿ. ಅದಕ್ಕ ಒಪ್ಪಿಗಿ ಕೊಡಬೇಕಂತ ಕೇಳಾಕ ಬಂದೀನಿ."

ಕಟ್ಟೆಯ ಮೇಲಿನವರು ಇತ್ತ ತಿರುಗಿದರು. ಬೀರದೇವ ಬೀಗನನ್ನು ನೋಡಲಿಲ್ಲ, ವಿಜಯಶ್ರೀಯನ್ನೇ ನೋಡಿದ. ಮಹಾಂತನ ಜೊತೆ ಒಂದು ತಾಸು ಚೌಕಾಶಿ ಮಾಡುವ ಆಸಾಮಿ, ಈಗ ರೇಟು ಕಡಿಮೆ ಮಾಡಿ ಎಂದು ಒಮ್ಮೆಯೂ ಅನ್ನಲಿಲ್ಲ.

"ಬೀಗರು ಬಾಯಿಬಿಟ್ಟು ಕೇಳಿದ ಮ್ಯಾಲ ಆತು. ಎಲ್ಲಿ ಸಹಿ ಮಾಡೂದೈತಿ ತೋರಸ್ರಿ ಮ್ಯಾಡಮ್."

ಅವನು ಸಹಿ ಮಾಡುವಾಗ ಪೆನ್ನು ಕಾಗದವನ್ನು ಹರಿಯುವಷ್ಟು ಒತ್ತಿತು. ಒಳಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಹಣಮವ್ವ ಸೊಸೆಯ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ವಿಜಯಶ್ರೀಗೆ ಆ ನೋಟ ಕಂಡಿತು. ಜಮಖಾನೆಯ ಅಂಚಿಗೆ ಕೂತ ಅಪ್ಪ ಕಣ್ಣ ಮುಂದೆ ಬಂದ. ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಆದರೆ ಸಹಿಯಾದ ಕಾಗದ ಕೈಯಲ್ಲಿತ್ತು, ಅದನ್ನು ಫೈಲಿನಲ್ಲಿಟ್ಟು ನಾಚಿಕೆಯನ್ನು ನುಂಗಿಕೊಂಡಳು.

ಧೂಳಪ್ಪ ಅವಳ ಜೊತೆಗೇ ಗಾಡಿ ಹತ್ತಿ ವಾಪಸು ಬಂದ. ಜತ್ತದಲ್ಲಿ ಇಳಿಯುವಾಗ, "ಬರ್ತೀನ್ರಿ ಮ್ಯಾಡಮ್," ಎಂದ. ಅಂದಿನಿಂದ ತಂಗಿ ಎನ್ನುವ ಮಾತು ಹೋಯಿತು.

ಆಮೇಲೆ ಎಲ್ಲ ಅವಳು ಅಂದುಕೊಂಡಂತೆಯೇ ನಡೆಯಿತು. ಬೀರದೇವ ಒಪ್ಪಿದ ಸುದ್ದಿ ಕೇಳಿ ಬಾಲಗಾಂವದವರು ಒಪ್ಪಿದರು, ಡೇರಿಯವರು ಒಪ್ಪಿದರು. ಅಪ್ಪಾಸಾಬ ಮೇಜು ತಟ್ಟಿ ನಕ್ಕ. "ಬೀಗನ ಕೈಲೆ ಬೀಗನ್ನ ಹಿಡಿಸಿದ್ಯಲ್ಲ, ಭಾಳ ಶಾಣ್ಯಾಕಿ ಅದಿ. ಶ್ರಾವಣ ಮುಗೀಲಿ, ಆರ್ಡರ್ ಹಿಂಗ ಬರ್ತಿದ್ರ ಸಾಕು, ಖುರ್ಚಿ ನಿಂದು." ಧೂಳಪ್ಪ ಹೇಳಿದ ಹೊತ್ತಿಗೆ ಬಂದ, ಹೇಳಿದಲ್ಲಿ ಹೋದ, ರಿಪೋರ್ಟನ್ನು ತಪ್ಪಿಲ್ಲದೆ ಬರೆದ. ಅವನು ಈಗ ಯಾರ ಜೊತೆಗೂ ಜಗಳವಾಡುತ್ತಿರಲಿಲ್ಲ, ಚಹಾ ಕುಡಿಯುವಾಗಲೂ ಒಬ್ಬನೇ ಕೂರುತ್ತಿದ್ದ. ಟೀಮು ಹತೋಟಿಗೆ ಬಂತೆಂದು ವಿಜಯಶ್ರೀ ತಿಳಿದುಕೊಂಡಳು.

ಪಂಚಮಿಗೆ ಇನ್ನೂ ಒಂದು ವಾರವಿತ್ತು. ಬೆಳಿಗ್ಗೆ ಆಫೀಸಿನ ಮುಂದೆ ಒಂದು ಪಿಕಪ್ ಗಾಡಿ ಬಂದು ನಿಂತಿತು. ತುಂಬ ಚೀಲಗಳು, ಕಂಪನಿಯವೇ, ಹೊಲಿಗೆ ಬಿಚ್ಚದವು. ಗಂಡನನ್ನು ಗಾಡಿಯಲ್ಲೇ ಕೂಡಿಸಿ ರೂಪಾಲಿ ಒಬ್ಬಳೇ ಒಳಗೆ ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಡೆಪೋದ ಕೀಲಿಗೊಂಚಲು. ಮೂವರು ಸೇಲ್ಸಿನವರೂ ಅಲ್ಲೇ ಇದ್ದರು. ಧೂಳಪ್ಪ ಎದ್ದು ಎರಡು ಹೆಜ್ಜೆ ಮುಂದೆ ಬಂದ.

"ಯಾಕವ್ವ, ಆರಾಮ ಅದಿ ಇಲ್ಲೊ?"

ಅವಳು ಅಪ್ಪನನ್ನು ದಾಟಿ ಮುಂದೆ ಹೋದಳು. ವಿಜಯಶ್ರೀಯ ಎದುರಿನ ಖುರ್ಚಿ ಎಳೆದು ಕೂತಳು. ಅದು ಗಿರಾಕಿಗಳು ಕೂರುವ ಖುರ್ಚಿ.

"ನಾನು ಮಾಡಗ್ಯಾಳ ಡೆಪೋದಾಕಿ. ಮಾಲು ವಾಪಸ್ ತಂದೀವ್ರಿ. ಇನ್ನ ಮುಂದ ನಿಮ್ಮ ಕಂಪನಿ ಮಾಲು ನಮಗ ಬ್ಯಾಡ."

"ನಿಮ್ಮ ಮಾವ ಸಹಿ ಮಾಡ್ಯಾರ," ಎಂದಳು ವಿಜಯಶ್ರೀ.

"ಮಾಡ್ಯಾರ. ಬೀಗರು ಕೇಳ್ಯಾರಂತ ಮಾಡ್ಯಾರ. ಅವ್ರು ಇಲ್ಲನ್ನಂಗಿಲ್ಲ, ಅದು ನಿಮಗ ಗೊತ್ತಿದ್ದ ಮಾತು. ಈಗ ಯಾವ ಕುರಿಗಾರ ಬಂದು ರೇಟು ಯಾಕ ಏರೈತಿ ಅಂದ್ರೂ, ನಮ್ಮತ್ತಿ ಒಳಗಿಂದ ಹೇಳ್ತಾಳ, ಆಕೀನ್ ಕೇಳ್ರಿ, ಅವ್ರಪ್ಪ ಏರಿಸಿ ಹೋಗ್ಯಾನ ಅಂತ. ಮುಂಜಾನಿಂದ ಸಂಜೀತನ ಅದ. ಉಣ್ಣಾಕ ಕುಂತ್ರೂ ಅದ. ನನ್ನ ಗಂಡ ನನ್ನ ಕೂಡ ಮಾತು ಬಿಟ್ಟಾನ."

"ಇದು ನಿಮ್ಮ ಮನಿ ವಿಷಯ ಆತು."

"ಹೌದ್ರಿ, ಮನಿ ವಿಷಯನ. ಅದನ್ನ ಫೈಲಿನ್ಯಾಗ ಹಾಕ್ಕೊಂಡು ಬಂದಾವ್ರು ನೀವು."

ವಿಜಯಶ್ರೀ ಮೇಜಿನ ಮೇಲಿನ ಫೈಲು ಮುಚ್ಚಿದಳು. ಹಳೆಯ ರೇಟಿಗೇ ಕೊಡುತ್ತೇವೆ, ಮಹಾಂತನೇ ಬರಲಿ ಎಂದು ಆ ಗಳಿಗೆಯಲ್ಲಿ ಹೇಳಿದ್ದರೆ ಮಾತು ಅಲ್ಲಿಗೆ ಮುಗಿಯಬಹುದಿತ್ತು. ಹಳೆಯ ರೇಟು ಅಂದರೆ ಖುರ್ಚಿ ಹೋಯಿತು. ಅವಳು ಸಾಂಗಲಿಯಲ್ಲಿ ಕಲಿತ ನಗು ನಕ್ಕು, ಸ್ವಲ್ಪ ದಿನ ತಡೆಯಿರಿ, ಹಬ್ಬಕ್ಕೆ ಏನಾದರೂ ಸ್ಕೀಮು ಮಾಡೋಣ ಎಂದಳು. ತನ್ನ ಬಾಯಿಂದಲೇ ಬಂದ ಆ ಮಾತು ತನಗೇ ಹೇಸಿಗೆ ಅನ್ನಿಸಿತು.

ರೂಪಾಲಿ ನಗಲಿಲ್ಲ. "ನಮ್ಮ ಮಾವಾರು ಇಲ್ಲನ್ನಂಗಿಲ್ಲ. ಆದ್ರ ನಾ ಅನಬಹುದು. ಮಗಳು ಅಪ್ಪಗ ಇಲ್ಲ ಅಂದ್ರ ಬೀಗತನಕ್ಕ ಕುಂದು ಬರೂದಿಲ್ಲ. ನಾನ ಹೋಗಿ ಅಂದ ಬರ್ತೀನಿ ಅಂತ ಅವ್ರ ಮುಂದ ನಿಂತು ಹೇಳೀನಿ. ಕೀಲಿ ನನ್ನ ಕೈಯಾಗ ಕೊಟ್ಟು ಕಳಿಸ್ಯಾರ." ಅಷ್ಟು ಹೇಳಿ ಅವಳು ಮೊದಲ ಸಲ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನಮ್ಮ ಡೆಪೋಕ್ಕ ನಿಮ್ಮ ಮಾಲು ಬ್ಯಾಡ. ನೀ ಕೇಳಿದ್ದು ನಾ ಕೊಡೂದಿಲ್ಲ."

ಧೂಳಪ್ಪ ಟೋಪಿಗೆ ಕೈ ಹಾಕಿದ. ತೆಗೆಯಬೇಕೋ ಬೇಡವೋ ತಿಳಿಯದೆ ಕೈ ಅಲ್ಲೇ ಉಳಿಯಿತು.

"ಮತ್ತ ಈ ಪಂಚಮಿಗೆ ಕರಿಯಾಕ ಬರಬ್ಯಾಡ," ಎಂದಳು ರೂಪಾಲಿ. ಇದನ್ನು ಹೇಳುವಾಗ ಮಾತ್ರ ದನಿ ಕದಲಿತು. "ನಾ ತವರಿಗೆ ಬಂದ್ರ, ಅಪ್ಪ ಮಗಳು ಕೂಡಿ ಮಾಡಿದ ಆಟ ಅಂತಾರ. ನಾ ಆ ಮನ್ಯಾಗ ಬಾಳೇವು ಮಾಡಬೇಕಲ್ಲ."

ಧೂಳಪ್ಪ ಬಯ್ಯುತ್ತಾನೆ, ಇಲ್ಲವೇ ಅಳುತ್ತಾನೆ ಎಂದು ವಿಜಯಶ್ರೀ ಕಾದಳು. ಬೈದರೆ ತನ್ನನ್ನೇ ಬೈಯಲಿ ಎಂದು ಅವಳಿಗೆ ಅನ್ನಿಸಿತು. ಅವನು ಎರಡನ್ನೂ ಮಾಡಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಎತ್ತಿ ಆಡಿಸಿದ ಮಗಳಿಗೆ, ಬೇರೆ ಯಾವ ಡೆಪೋದವರಿಗೂ ಹೇಳುವಂತೆ ಹೇಳಿದ.

"ಆತ್ರಿ. ಮಾಲು ಇಳಿಸ್ಕೋತೀವ್ರಿ. ಬಂದು ಹೇಳಿದ್ರಿ, ಚಲೋ ಆತ್ರಿ."

ರೂಪಾಲಿ ಎದ್ದಳು. ಬಾಗಿಲು ದಾಟುವವರೆಗೂ ಬೆನ್ನು ನೆಟ್ಟಗೆ ಇಟ್ಟುಕೊಂಡೇ ನಡೆದಳು. ಗಾಡಿಯ ಬಾಗಿಲು ಹಿಡಿದುಕೊಂಡು ನಿಂತು ಸೆರಗಿನಿಂದ ಮುಖ ಒರೆಸಿಕೊಂಡದ್ದು ಕಿಟಕಿಯಿಂದ ಎಲ್ಲರಿಗೂ ಕಂಡಿತು. ಧೂಳಪ್ಪ ಹೊರಗೆ ಹೋಗಿ ಹಮಾಲರನ್ನು ಕರೆದ. ಚೀಲ ಇಳಿಯುವ ತನಕ ಮಗಳಿಗೆ ಬೆನ್ನು ಮಾಡಿ ನಿಂತಿದ್ದ.

ಬೀರದೇವ ಬಿಟ್ಟ ಸುದ್ದಿ ಅವನು ಒಪ್ಪಿದ ಸುದ್ದಿಗಿಂತ ಲಗೂನ ಓಡಿತು. ಬಾಲಗಾಂವದವರು ಫೋನು ಎತ್ತುವುದನ್ನು ಬಿಟ್ಟರು. ಡೇರಿಯವರು ಬೇರೆ ಕಂಪನಿಯ ಚೀಲ ತಂದು ಇಳಿಸಿಕೊಂಡರು. ಅಪ್ಪಾಸಾಬ ಈಗ ಮೇಜು ತಟ್ಟಲಿಲ್ಲ. ಖುರ್ಚಿಯ ಮಾತನ್ನು ದೀಪಾವಳಿಯ ಆಚೆಗೆ ತಳ್ಳಿದ. "ಒಬ್ಬೊಬ್ಬರನ್ನ ತಿರುಗಿ ತಾ. ನಿನ್ನ ಮಂದೀನ ಕಟ್ಟಿಕೊಂಡು ನೀ ತಾ. ಆಗಲಿಲ್ಲಂದ್ರ ನಿನ್ನ ದಾರಿ ನೀ ನೋಡ್ಕೊ."

ಧೂಳಪ್ಪನಿಗಾದರೂ ಆ ಖುರ್ಚಿ ಬೇಕಿತ್ತೇ ಎಂದರೆ, ಈಗ ಅವನಿಗೂ ಬೇಡವಾಗಿತ್ತು. ಪಂಚಮಿಯ ದಿನ ಎಲ್ಲರೂ ರಜೆ ಹಾಕಿದರೆ ಅವನು ಕೆಲಸಕ್ಕೆ ಬಂದ. ಕುಣಿಕೋಣೂರಿನ ಅತ್ತೆಯಿಂದ ತಪ್ಪಿಸಿಕೊಳ್ಳಲು ವಿಜಯಶ್ರೀಯೂ ಬಂದಿದ್ದಳು. ಇಡೀ ದಿನ ಎರಡು ಮೇಜಿನಲ್ಲಿ ಇಬ್ಬರೂ ಕೂತರು. ತಪ್ಪಾಯಿತು ಎಂದು ಹೇಳಲು ಅವಳು ಬಾಯಿ ತೆರೆದಳು. ಅವನು ರಿಪೋರ್ಟಿನ ಹಾಳೆಯನ್ನು ಅವಳ ಮುಂದಿಟ್ಟು, "ನೋಡ್ರಿ ಮ್ಯಾಡಮ್, ತಪ್ಪಿದ್ರ ಹೇಳ್ರಿ," ಎಂದ. ಹಾಳೆಯಲ್ಲಿ ತಪ್ಪೇನೂ ಇರಲಿಲ್ಲ.

ಶ್ರಾವಣ ಕಳೆದ ಮೇಲೆ ಒಂದು ದಿನ ಅವಳು ಆಫೀಸಿಗೆ ಬಂದಾಗ ಮೂವರೂ ಪೇಢೆ ತಿನ್ನುತ್ತಿದ್ದರು. ಮಹಾಂತನ ತಂಗಿಯ ಮದುವೆ ನಿಶ್ಚಯವಾಗಿತ್ತು. ಬಹಳ ದಿನದ ಮೇಲೆ ಆ ಕೋಣೆಯಲ್ಲಿ ನಗು ಕೇಳಿ ವಿಜಯಶ್ರೀಗೂ ಸಂತೋಷವಾಯಿತು, ಒಳಗೆ ಯಾವ ಕಪಟವೂ ಇಲ್ಲದ ಸಂತೋಷ. ಮಹಾಂತ ಅವಳಿಗೂ ಪೆಟ್ಟಿಗೆ ಹಿಡಿದ. ಅವಳು ಒಂದು ಪೇಢೆ ತೆಗೆದುಕೊಂಡು, ಎಲ್ಲರೂ ಕೇಳುವ ಮಾತನ್ನೇ ಕೇಳಿದಳು.

"ಭಾಳ ಚಲೋ ಆತು. ಯಾವ ಊರಿಗೆ ಕೊಟ್ರಿ?"

ರವಿಕುಮಾರನ ಬಾಯಿ ಆಡುವುದು ನಿಂತಿತು. ಮಹಾಂತ ಧೂಳಪ್ಪನನ್ನು ನೋಡಿದ, ಧೂಳಪ್ಪ ನೆಲ ನೋಡಿದ.

"ದೂರ ಐತ್ರಿ," ಎಂದ ಮಹಾಂತ.

"ದೂರ ಅಂದ್ರ?"

"ನಮ್ಮ ಗಿರಾಕಿಗೋಳು ಯಾರೂ ಇಲ್ದ ಊರ್ರಿ ಮ್ಯಾಡಮ್," ಎಂದು ಮಹಾಂತ ಪೆಟ್ಟಿಗೆಯ ಮುಚ್ಚಳ ಮುಚ್ಚಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆ ಇತ್ತು. ಈ ಮೂವರನ್ನು ಅಂಜಿಸಬೇಕೆಂದು ಅವಳು ಬಂದ ದಿನದಿಂದ ಹಟ ಹಿಡಿದಿದ್ದಳು. ಈಗ ಅಂಜಿದ್ದರು. ಅವಳು ಪೇಢೆಯನ್ನು ಕೈಯಲ್ಲೇ ಹಿಡಿದುಕೊಂಡು ಮೇಜಿಗೆ ಹೋಗಿ ಕೂತಳು, ಮತ್ತು ಬಾಲಗಾಂವಕ್ಕೆ ಇವತ್ತು ಯಾರು ಹೋಗುತ್ತೀರಿ ಎಂದು ಕೇಳಿದಳು. ಮೂವರೂ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು.